ಸದ್ದಿಲ್ಲದ ಗಾಡಿ

ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಗಾಡಿ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿರುತ್ತಿತ್ತು. ಬೇರೆ ಗಾಡಿಗಳಿಗೆ ಕಬ್ಬಿಣದ ಸ್ಪ್ರಿಂಗು. ಇದಕ್ಕೆ ನಾಲ್ಕು ಮೂಲೆಗೆ ನಾಲ್ಕು ಗಾಳಿಚೀಲ. ಇಪ್ಪತ್ತೊಂದು ವರ್ಷದ ಹಳೇ ರಬ್ಬರು. ರಾತ್ರಿಯೆಲ್ಲ ಸೋರಿ ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ಕೀ ತಿರುಗಿಸಿದರೆ ಒಳಗೆಲ್ಲೋ ಒಂದು ಪಂಪು ಗೊರಗೊರ ಅನ್ನುತ್ತ ಗಾಳಿ ತುಂಬುತ್ತಿತ್ತು. ಮೊದಲು ಮುಂದಿನ ಭಾಗ ಮೇಲೇಳುತ್ತಿತ್ತು, ಆಮೇಲೆ ಹಿಂದಿನ ಬಲ ಮಗ್ಗುಲು, ಕೊನೆಗೆ ಬೇಕೋ ಬೇಡವೋ ಅನ್ನುವಂತೆ ಹಿಂದಿನ ಎಡ ಮಗ್ಗುಲು. ಪೂರ್ತಿ ಏಳುವುದಕ್ಕೆ ನಾಲ್ಕು ನಿಮಿಷ. ಅಷ್ಟರೊಳಗೆ ಯಾರಾದರೂ ಬಾಗಿಲು ತೆಗೆದರೆ ಮುನಿಸಿಕೊಂಡು ಮತ್ತೆ ಕೂತುಬಿಡುತ್ತಿತ್ತು. ಗಾಡಿ ರಿಪೇರಿಯ ಮೇಸ್ತ್ರಿ ಅದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದು ಇದಕ್ಕೇ.

"ಅತ್ತೆ ಎದ್ರಾ?" ಎಂದು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದ.

"ಎದ್ರು. ಕಾಫಿ ಕೇಳ್ತಿದಾರೆ," ಅನ್ನುತ್ತಿದ್ದೆ. ಕಾಫಿ ಎಂದರೆ ಎಂಜಿನ್ ಆಯಿಲ್. ಅದನ್ನೂ ಚೆನ್ನಾಗಿಯೇ ಕುಡಿಯುತ್ತಿತ್ತು.

ನನ್ನ ಹೆಂಡತಿಗೆ ಈ ಹೆಸರು ಸೇರುತ್ತಿರಲಿಲ್ಲ. "ನಿಮ್ಮ ಅತ್ತೆ ಅಂದ್ರೆ ನಮ್ಮಮ್ಮ ಅಲ್ವಾ? ನಮ್ಮಮ್ಮ ಇಷ್ಟು ದಪ್ಪ ಇಲ್ಲ," ಅನ್ನುತ್ತಿದ್ದಳು.

ಈ ಗಾಡಿಯನ್ನು ಮಾಡುವುದನ್ನು ಕಂಪನಿ ನಿಲ್ಲಿಸಿ ಹದಿನಾಲ್ಕು ವರ್ಷವಾಗಿತ್ತು. ನಿಲ್ಲಿಸುವುದಕ್ಕೆ ಮುಂಚೆ ಅದರಲ್ಲಿ ದೊಡ್ಡ ದೊಡ್ಡವರು ಕೂರುತ್ತಿದ್ದರು. ನಾನು ಡ್ರೈವರಾಗಿದ್ದ ಫ್ಯಾಕ್ಟರಿಯ ಸಾಹೇಬರು ಎಂಟು ವರ್ಷ ಕೂತಿದ್ದರು. ಅವರು ಹೊಸದು ತಂದಾಗ ಇದನ್ನು ಕೇಳುವವರು ಯಾರೂ ಬರಲಿಲ್ಲ. ಕೊನೆಗೆ ನನ್ನ ಕುತ್ತಿಗೆಗೆ ಬಿತ್ತು, ನಾನೂ ಕುತ್ತಿಗೆ ಚಾಚಿದ್ದೆ ಎನ್ನಿ. ಹಿಂದಿನ ಸೀಟಿನ ಪಕ್ಕ ಎಂಟು ಗುಂಡಿ. ನನ್ನ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಐದು ಸತ್ತಿದ್ದವು. ಉಳಿದವುಗಳಲ್ಲಿ ಒಂದನ್ನು ಒತ್ತಿದರೆ ಸೀಟು ಹಿಂದಕ್ಕೆ ಒರಗಿ, ಕಾಲ ಕೆಳಗಿಂದ ಒಂದು ಮೆತ್ತನೆಯ ಹಲಗೆ ಎದ್ದು, ಮನುಷ್ಯ ಹೆಚ್ಚೂಕಡಿಮೆ ಮಲಗಿಬಿಡಬಹುದಿತ್ತು. ಆ ಒಂದು ಗುಂಡಿಯ ಮೇಲೆ ನಮ್ಮ ಸಂಸಾರ ನಡೆಯುತ್ತಿತ್ತು.

ಹೇಗೆಂದರೆ, ನನ್ನ ಹೆಂಡತಿ ಮೂಳೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ದೊಡ್ಡ ಡಾಕ್ಟರು ಬೆನ್ನುಮೂಳೆಯ ಆಪರೇಷನ್ ಮಾಡುವವರು. "ನಾನು ಆರು ಗಂಟೆ ನಿಂತು ಸ್ಕ್ರೂ ಹಾಕ್ತೀನಿ. ಆಂಬುಲೆನ್ಸಿನವನು ಅರ್ಧ ಗಂಟೇಲಿ ಅದನ್ನ ಅಲ್ಲಾಡಿಸಿ ಮನೆಗೆ ಮುಟ್ಟಿಸ್ತಾನೆ," ಎಂದು ಕಾರಿಡಾರಿನಲ್ಲಿ ಬೈಯುತ್ತಿದ್ದರಂತೆ. ಒಗೆದ ಬೆಡ್‌ಶೀಟಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಇವಳು, "ನಮ್ಮನೇಲೊಂದು ಗಾಡಿ ಇದೆ ಸಾರ್," ಎಂದಿದ್ದಾಳೆ.

ಡಾಕ್ಟರು ನಂಬಲಿಲ್ಲ. ತಾವೇ ಬಂದು ಹಿಂದಿನ ಸೀಟಿನಲ್ಲಿ ಒರಗಿ, ಎದೆಯ ಮೇಲೆ ತುಂಬಿದ ನೀರಿನ ಲೋಟ ಇಟ್ಟುಕೊಂಡು, "ನಡಿ," ಎಂದರು. ಆಸ್ಪತ್ರೆಯ ಹಿಂದಿನ ರಸ್ತೆ ಪೈಪು ಹಾಕಲು ಅಗೆದು ಮುಚ್ಚಿದ್ದು. ಎರಡು ಸುತ್ತು ಹಾಕಿದೆ. ವಾಪಸು ಬಂದಾಗ ಅವರ ಅಂಗಿ ಒಣಗಿಯೇ ಇತ್ತು. ಆ ನೀರನ್ನು ಕುಡಿದು, ಲೋಟ ನನ್ನ ಕೈಗೆ ಕೊಟ್ಟು, "ನಾಳೆ ಒಂಬತ್ತಕ್ಕೆ ಬಾ," ಎಂದರು. ಅಂದಿನಿಂದ ಅವರು ಕೊಯ್ದು ಹೊಲಿದವರನ್ನೆಲ್ಲ ಮನೆಗೆ ಮುಟ್ಟಿಸುವುದು ನನ್ನ ಕೆಲಸವಾಯಿತು. ಬೇರೆ ಕೆಲಸ ನಾನು ಹುಡುಕಲೂ ಇಲ್ಲ.

ಇಂಥ ಗಾಡಿಗೆ ಸಾಮಾನು ಎಲ್ಲಿಂದ ತರುವುದು? ಕಂಪನಿಯ ಶೋರೂಮಿಗೆ ಒಮ್ಮೆ ಹೋಗಿದ್ದೆ. ಕೌಂಟರಿನಲ್ಲಿದ್ದವನು ಕಂಪ್ಯೂಟರಿನಲ್ಲಿ ಹುಡುಕಿ, "ಇದು ಇನ್ನೂ ಇದೆಯಾ?" ಎಂದ, ಸತ್ತಿದ್ದಾರೆಂದುಕೊಂಡಿದ್ದ ಯಾರದೋ ವಿಷಯ ಕೇಳುವಂತೆ. ಹಾಗಾಗಿ ನನಗೆ ಗತಿ ಎಂದರೆ ಮೇಸ್ತ್ರಿಯೇ.

ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ತಗಡಿನ ಶೆಡ್ಡು, ಗಾಡಿಯ ಕೆಳಗಿಳಿಯಲು ತೋಡಿದ ಒಂದು ಗುಂಡಿ, ಒಂದು ಬೆಂಚು, ಅವನು, ಅವನ ಹೆಂಡತಿ. ಅವಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮೇಸ್ತ್ರಿಯ ಹತ್ತಿರ ಮೊಳಕೈ ಉದ್ದದ ಒಂದು ಸ್ಕ್ರೂಡ್ರೈವರ್ ಇತ್ತು, ಮರದ ಹಿಡಿಯದ್ದು. ಎಂಜಿನ್ ಓಡುತ್ತಿರುವಾಗ ಅದರ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಆಮೇಲೆ ಹೇಳುತ್ತಿದ್ದ: ಇಲ್ಲಿ ಬೇರಿಂಗ್ ಸವೆದಿದೆ, ಇಲ್ಲಿ ಆಯಿಲ್ ಏರುತ್ತಿಲ್ಲ. ಬಿಚ್ಚಿದರೆ ಅದೇ ಇರುತ್ತಿತ್ತು. ಮೂವತ್ತು ವರ್ಷ ಉಜ್ಜಿ ಉಜ್ಜಿ ಆ ಹಿಡಿ ಒಂದು ಕಡೆ ಕನ್ನಡಿಯಂತಾಗಿತ್ತು. ಒಮ್ಮೆ ನಾನು ಗೇಟಿನೊಳಗೆ ಬರುತ್ತಿದ್ದಂತೆಯೇ, ಗಾಡಿಯ ಕಡೆ ತಿರುಗಿಯೂ ನೋಡದೆ, "ಆರನೇ ಪ್ಲಗ್ಗು ಸತ್ತಿದೆ," ಎಂದಿದ್ದ. ಸತ್ತಿತ್ತು.

"ಇಷ್ಟೆಲ್ಲ ಕೇಳಿಸತ್ತೆ, ನಾನು ಕರೆದಿದ್ದು ಮಾತ್ರ ಕೇಳಿಸಲ್ಲ," ಎಂದು ಅಕ್ಕ ನಗುತ್ತಿದ್ದಳು. ಆಗ ಅದು ತಮಾಷೆಯ ಮಾತೇ ಆಗಿತ್ತು.

ಈಚೆಗೆ ಎರಡು ವರ್ಷದಿಂದ ಶೆಡ್ಡಿನ ಫೋನನ್ನು ಅಕ್ಕನೇ ಎತ್ತುತ್ತಿದ್ದಳು. ಗಿರಾಕಿ ಏನಾದರೂ ಹೇಳಿದರೆ ಅವಳು ಮೇಸ್ತ್ರಿಯ ಎದುರಿಗೆ ಬಂದು ನಿಂತು, "ಗಾಡಿ ಎಳೀತಿಲ್ವಂತೆ," "ಬ್ರೇಕು ಕಿರುಗುಡುತ್ತಂತೆ," ಎಂದು ಇನ್ನೊಮ್ಮೆ ಹೇಳುತ್ತಿದ್ದಳು. ವಯಸ್ಸಾಗುತ್ತ ಯಜಮಾನಿಕೆ ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

ಆ ಸದ್ದು ಶುರುವಾಗಿದ್ದು ಚಳಿ ಬಿದ್ದ ಮೇಲೆ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಮುಂದಿನಿಂದ ಕಟಕಟಕಟ. ಮೂರು ಸೆಕೆಂಡು. ಆಮೇಲೆ ಇಲ್ಲ. ಒಳಗೆ ಪಾತ್ರೆ ಜೋಡಿಸುತ್ತಿದ್ದ ಹೆಂಡತಿ ಬಾಗಿಲಿಗೆ ಬಂದಳು.

"ಏನ್ರೀ ಅದು, ಡಬ್ಬಿಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ?"

"ಏನೂ ಇಲ್ಲ. ಚಳಿಗೆ."

"ಚಳಿಗೆ ಹಲ್ಲು ಕಟಕಟ ಅನ್ನತ್ತಾ ಅದಕ್ಕೆ? ಮೇಸ್ತ್ರಿಗೆ ತೋರಿಸಿ."

ತೋರಿಸಿದೆ. ರಾತ್ರಿ ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು, ಬೆಳಿಗ್ಗೆ ಹೋಗಿ, ತಣ್ಣಗಿನ ಎಂಜಿನ್ನನ್ನು ಅವನೆದುರಿಗೇ ಸ್ಟಾರ್ಟ್ ಮಾಡಿದೆ. ಕಟಕಟಕಟ. ಮೇಸ್ತ್ರಿ ಸ್ಕ್ರೂಡ್ರೈವರ್ ಊರಿ ಕಣ್ಣು ಮುಚ್ಚಿದ್ದ. ಅವನ ಮುಖ ಒಂದು ಚೂರೂ ಅಲುಗಲಿಲ್ಲ. ಜಾಗ ಬದಲಿಸಿ ಬದಲಿಸಿ ಐದು ನಿಮಿಷ ಕೇಳಿದ. ಆಮೇಲೆ ನಗುತ್ತ ಎದ್ದ.

"ಏನೂ ಇಲ್ಲ ಕಣಪ್ಪ. ಮೊದಲಿಗಿಂತ ಮೆತ್ತಗಾಗಿದಾರೆ ಅತ್ತೆ. ಹೊಸ ಸೊಸೆ ಥರ."

"ಶುರುವಲ್ಲಿ ಮೂರು ಸೆಕೆಂಡು, ಅಣ್ಣ. ಕಟಕಟ ಅಂತು. ಕೇಳಿಸ್ಲಿಲ್ವಾ?"

ಅವನು ಅಕ್ಕನ ಕಡೆ ನೋಡಿದ. ಅಕ್ಕ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ, "ಶುರುವಲ್ಲಿ ಏನೋ ಸದ್ದು ಅಂತಾನೆ," ಎಂದಳು.

"ಇವನಿಗೆ ಎಲ್ಲದರಲ್ಲೂ ಸದ್ದು," ಎಂದ ಮೇಸ್ತ್ರಿ. "ಮದುವೆಯಾಗಿ ಎಷ್ಟು ವರ್ಷ ಆಯ್ತೋ? ಮನೇಲಿ ಅಭ್ಯಾಸ ಆಗಿರತ್ತೆ ಬಿಡು."

ಮೂವರೂ ನಕ್ಕೆವು. ನಾನು ವಾಪಸು ಬರುವಾಗ ನನ್ನ ಕಿವಿಯೇ ಸರಿಯಿಲ್ಲವೇನೋ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಆ ಸ್ಕ್ರೂಡ್ರೈವರ್ ಹೇಳಿದ್ದು ಇವತ್ತಿನವರೆಗೆ ಸುಳ್ಳಾಗಿರಲಿಲ್ಲ.

ಒಂದು ತಿಂಗಳಲ್ಲಿ ಮೂರು ಸೆಕೆಂಡು ಇದ್ದದ್ದು ಹತ್ತಾಯಿತು. ಆಮೇಲೆ ಏರು ರಸ್ತೆಯಲ್ಲೂ ಬರತೊಡಗಿತು. ಆಪರೇಷನ್ ಆದ ಮುದುಕರೊಬ್ಬರು ಹಿಂದೆ ಮಲಗಿದ್ದವರು, "ಡ್ರೈವರೇ, ನಿಮ್ಮ ಗಾಡೀಲಿ ಯಾರೋ ಟೈಪ್ ಹೊಡೀತಿದಾರೆ," ಎಂದರು. ಹೆಂಡತಿ ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ನಿಲ್ಲತೊಡಗಿದಳು. ಬೆರಳು ಮಡಚಿ ಸೆಕೆಂಡು ಎಣಿಸುತ್ತಿದ್ದಳು. ಅವಳ ಕಾಟಕ್ಕೆ ಹೊಸ ಗ್ಯಾರೇಜಿಗೆ ಹೋದೆ. ಗಾಜಿನ ಬಾಗಿಲು, ನೆಲಕ್ಕೆ ಬಿಳಿ ಟೈಲು, ಮೂವತ್ತು ದಾಟದ ಮಾಲೀಕ. ಡ್ಯಾಶ್‌ಬೋರ್ಡಿನ ಕೆಳಗೆ ವೈರು ಚುಚ್ಚಿ, ಕೈಯಲ್ಲಿದ್ದ ಡಬ್ಬವನ್ನು ಓದಿದ. ಎಂಜಿನ್ನಿನ ಮುಂದೆ ಬಗ್ಗಿ ಬರೀ ಕಿವಿಯಿಂದಲೇ ಕೇಳಿದ.

"ಎಂಜಿನ್ ಒಳಗಿನ ಟೈಮಿಂಗ್ ಚೈನು ಸವೆದು ಉದ್ದ ಆಗಿದೆ. ಅದನ್ನ ಬಿಗಿ ಹಿಡಿಯೋದೂ ಸತ್ತಿದೆ. ಒಂದು ಹಲ್ಲು ಹಾರಿದ್ರೂ ವಾಲ್ವುಗಳು ಪಿಸ್ಟನ್ನಿಗೆ ಹೊಡೀತವೆ, ಅಲ್ಲಿಗೆ ಮುಗೀತು. ಸಾಮಾನು ಹೊರಗಿಂದ ತರಿಸ್ಬೇಕು, ಸಿಕ್ಕಿದ್ರೆ. ಅಲ್ಲಿ ತನಕ ಸ್ಟಾರ್ಟೇ ಮಾಡ್ಬೇಡಿ."

"ಎಷ್ಟು ದಿನ?"

"ತಿಂಗಳು. ಎರಡು ತಿಂಗಳು. ಗ್ಯಾರಂಟಿ ಹೇಳಕ್ಕಾಗಲ್ಲ."

ಆ ತಿಂಗಳಲ್ಲಿ ಡಾಕ್ಟರ ಪಟ್ಟಿಯಲ್ಲಿ ಹದಿನೇಳು ಜನರಿದ್ದರು. ನಾನು ಬರದಿದ್ದರೆ ಅವರು ಇನ್ನೊಂದು ಏರ್ಪಾಡು ಮಾಡಿಕೊಳ್ಳುತ್ತಾರೆ, ಆ ಏರ್ಪಾಡು ಆಮೇಲೆ ಖಾಯಮ್ಮಾಗುತ್ತದೆ. ಇಷ್ಟು ಲೆಕ್ಕ ನನಗೂ ಬರುತ್ತಿತ್ತು. ಗಾಡಿಯನ್ನು ಅಲ್ಲಿಂದ ನೇರ ಮೇಸ್ತ್ರಿಯ ಶೆಡ್ಡಿಗೆ ಓಡಿಸಿದೆ.

ಅಕ್ಕ ವಿಷಯವನ್ನು ಇನ್ನೊಮ್ಮೆ ಹೇಳಿದ ಮೇಲೆ ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಇಟ್ಟ.

"ಅಲ್ಲ ಕಣೋ, ಆ ಡಬ್ಬ ಹೇಳಿದ್ದು ನಂಬ್ತೀಯಾ, ನನ್ನ ಕಿವಿ ನಂಬ್ತೀಯಾ? ಒಂದು ಹೇಳಿಬಿಡು. ಬಿಚ್ಚು ಅಂದ್ರೆ ಈಗ್ಲೇ ಬಿಚ್ತೀನಿ. ಆದ್ರೆ ಆಮೇಲೆ ಈ ಗೇಟು ದಾಟಿ ಒಳಗೆ ಬರಬೇಡ."

ಅಕ್ಕ ಬೆಂಚಿನ ಹತ್ತಿರ ನಿಂತು ನಟ್ಟುಗಳನ್ನು ಸೈಜು ನೋಡಿ ಡಬ್ಬಿಗೆ ಹಾಕುತ್ತಿದ್ದಳು. ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ನಿಮ್ಮ ಕಿವೀನೇ ಅಣ್ಣ," ಎಂದೆ.

ಇದರಲ್ಲಿ ನಂಬಿಕೆ ಎಷ್ಟಿತ್ತು, ಹದಿನೇಳು ಜನರ ಪಟ್ಟಿ ಎಷ್ಟಿತ್ತು ಎಂದು ಈಗಲೂ ಹೇಳಲಾರೆ. ಕೇಳಬೇಕಾದದ್ದನ್ನು ಹೇಳುವವನು ಒಬ್ಬ ಸಿಕ್ಕಿದ್ದ, ಹಿಡಿದುಕೊಂಡೆ. ಮೇಸ್ತ್ರಿ ಖುಷಿಯಾಗಿ, ತಾನೇ ಬಂದು ಮುಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗೋಣ ಎಂದ. ಹೋದೆವು. ಏರಿನಲ್ಲಿ ಎಂಜಿನ್ ಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಅವನು ಸೀಟಿಗೆ ತಲೆಯಾನಿಸಿ, ಕಿಟಕಿಯ ಹೊರಗೆ ನೋಡುತ್ತ, "ಏನು ಸೈಲೆಂಟು ನೋಡು. ಈಗಿನ ಗಾಡಿಗಳಿಗೆ ಬರತ್ತಾ ಇದು?" ಎನ್ನುತ್ತಿದ್ದ.

ಪಟ್ಟಿಯಲ್ಲಿ ಹನ್ನೊಂದನೆಯವಳು ಒಬ್ಬ ಸ್ಕೂಲ್ ಟೀಚರ್. ಆಪರೇಷನ್ ಆಗಿ ಆರು ದಿನ. ಜೊತೆಗೆ ಅವಳ ತಮ್ಮ, ಮುಂದೆ ನನ್ನ ಪಕ್ಕ ಕೂತಿದ್ದ. ಹನ್ನೊಂದು ಗಂಟೆಯ ಬಿಸಿಲು. ಊರಾಚೆಯ ಮೇಲ್ಸೇತುವೆ ಏರುವಾಗ ಸದ್ದು ಬಂತು. ಈ ಸಲ ಕಟಕಟ ಅಲ್ಲ, ಒಂದೇ ಸಲ, ಗಾಜಿನ ಬೀರು ಉರುಳಿದ ಹಾಗೆ. ಸ್ಟೇರಿಂಗ್ ಕಲ್ಲಾಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದೆ.

"ಏನಾಯ್ತು?" ಎಂದ ತಮ್ಮ.

"ಐದು ನಿಮಿಷ," ಎಂದೆ. ಐದು ನಿಮಿಷದಲ್ಲಿ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು.

ಆಸ್ಪತ್ರೆಗೆ ಫೋನ್ ಮಾಡಿದೆ. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು, ಮುಕ್ಕಾಲು ಗಂಟೆ ಎಂದರು. ಎಂಜಿನ್ ಸತ್ತ ಮೇಲೆ ಪಂಪಿಲ್ಲ, ಪಂಪಿಲ್ಲದೆ ಗಾಳಿಯಿಲ್ಲ. ಅತ್ತೆ ಕೂರತೊಡಗಿದಳು. ರಾತ್ರಿಯಿಡೀ ಸೋರುವುದು ಮಲಗಿದ ಹೆಣ್ಣಿನ ಭಾರಕ್ಕೋ ಬಿಸಿಲಿಗೋ ಅರ್ಧ ಗಂಟೆಯಲ್ಲಿ ಸೋರಿತು. ಮೊದಲು ಹಿಂದಿನ ಎಡ ಮಗ್ಗುಲು. ಟೀಚರ್ ಒರಗಿದ್ದ ಸೀಟು ನಿಧಾನಕ್ಕೆ ಒಂದು ಕಡೆ ವಾಲಿತು. ಅವಳ ಸೊಂಟದ ಸುತ್ತ ಬಿಗಿದಿದ್ದ ಪಟ್ಟಿಯ ಸಮೇತ ಅವಳು ಬಾಗಿಲ ಕಡೆಗೆ ಜಾರುತ್ತಿದ್ದಳು. ನಾನೂ ಅವಳ ತಮ್ಮನೂ ಬಾಗಿಲು ತೆಗೆದು ಅವಳ ಮೈಗೆ ಕೈಯ ಆಸರೆ ಕೊಟ್ಟು ನಿಂತೆವು.

"ತಮ್ಮಾ, ಬೀಳ್ತೀನಿ," ಎನ್ನುತ್ತಿದ್ದಳು. ಕೂಗಲಿಲ್ಲ. ಪಾಠ ಹೇಳುವ ದನಿಯಲ್ಲಿ, ಸ್ಪಷ್ಟವಾಗಿ. "ಬೀಳ್ತೀನಿ. ಹಿಡ್ಕೊಳ್ಳಿ. ಬೀಳ್ತೀನಿ."

ಕೊನೆಗೆ ಅವಳ ಕೆಳಗೆ ಹಾಸಿದ್ದ ಆಸ್ಪತ್ರೆಯ ಬೆಡ್‌ಶೀಟನ್ನು ನಾಲ್ಕು ಕಡೆ ಹಿಡಿದು, ದಾರಿಹೋಕರಿಬ್ಬರನ್ನು ಸೇರಿಸಿಕೊಂಡು ಎತ್ತಿ, ನಿಂತ ಒಂದು ತರಕಾರಿ ಟೆಂಪೋಗೆ ಮಲಗಿಸಿದೆವು. ಎತ್ತುವಾಗ ಅವಳು ಕೂಗಿದಳು. ಆ ಬೆಡ್‌ಶೀಟು ನನ್ನ ಹೆಂಡತಿಯೇ ಒಗೆದು ಮಡಚಿದ್ದು; ಮೂಲೆಯಲ್ಲಿ ಲಾಂಡ್ರಿಯ ನೀಲಿ ಮುದ್ರೆ ಇತ್ತು. ಆ ಮುದ್ರೆಯನ್ನು ಮುಷ್ಟಿಯಲ್ಲಿ ಹಿಡಿದವನು ನಾನು.

ಟೀಚರಿಗೆ ಎರಡನೇ ಸಲ ಆಪರೇಷನ್ ಆಯಿತು. ಎಡಗಾಲು ಪೂರ್ತಿ ಬರಲಿಲ್ಲ ಎಂದು ಹೆಂಡತಿ ಆಮೇಲೆ ಲಾಂಡ್ರಿಯಿಂದ ಸುದ್ದಿ ತಂದಳು. ಡಾಕ್ಟರು ಬೈಯಲಿಲ್ಲ. ನಾನು ಕೈಕಟ್ಟಿ ನಿಂತಾಗ ಒಂದೇ ಮಾತು ಕೇಳಿದರು.

"ಸದ್ದೇನಾದ್ರೂ ಬರ್ತಿತ್ತಾ ಮುಂಚೆ?"

"ಇಲ್ಲ ಸಾರ್," ಎಂದೆ.

ಅವರು ಬೇರೆ ಫೈಲು ತೆಗೆದುಕೊಂಡರು.

ಅದಕ್ಕೂ ಮೊದಲು, ಗಾಡಿ ನಿಂತ ದಿನವೇ ಮಧ್ಯಾಹ್ನ, ಟೋಯಿಂಗ್ ಗಾಡಿ ಅತ್ತೆಯನ್ನು ಎಳೆದು ತಂದು ಮೇಸ್ತ್ರಿಯ ಶೆಡ್ಡಿನಲ್ಲಿ ಇಳಿಸಿತ್ತು. ಮೇಸ್ತ್ರಿ ಆಗಲೇ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ್ದ. ಟೋಯಿಂಗಿನವನು ಸರಪಳಿ ಬಿಚ್ಚುವಾಗ ಅವನ ದೊಡ್ಡ ಸ್ಪ್ಯಾನರು ಕೈಜಾರಿ ಸಿಮೆಂಟು ನೆಲಕ್ಕೆ ಬಿತ್ತು. ತಗಡಿನ ಶೆಡ್ಡು, ಗಂಟೆ ಹೊಡೆದ ಹಾಗಾಯಿತು. ನಾನು ಬೆಚ್ಚಿದೆ. ಅಕ್ಕ ಬೆಚ್ಚಿದಳು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಬಗ್ಗಿ ನೋಡಿದ. ಸ್ಪ್ಯಾನರು ಬಿದ್ದದ್ದು ಮೇಸ್ತ್ರಿಯ ಹಿಮ್ಮಡಿಯಿಂದ ಒಂದು ಗೇಣು ಆಚೆ. ಅವನು ನಟ್ಟು ತಿರುಗಿಸುತ್ತಲೇ ಇದ್ದ.

"ಅಣ್ಣ," ಎಂದೆ.

ನಟ್ಟು ತಿರುಗಿಸುತ್ತಿದ್ದ.

"ಅಣ್ಣ!"

ಅಕ್ಕ ನನ್ನ ತೋಳು ಹಿಡಿದು ಶೆಡ್ಡಿನ ಹಿಂದೆ ನೀರಿನ ಡ್ರಮ್ಮಿನ ಹತ್ತಿರ ಎಳೆದುಕೊಂಡು ಹೋದಳು.

"ಎರಡು ವರ್ಷ ಆಯ್ತು," ಎಂದಳು. "ಮೊದ್ಲು ಕುಕ್ಕರ್ ಸೀಟಿ ಹೋಯ್ತು. ಆಮೇಲೆ ಫೋನು. ಆಮೇಲೆ ನಾನು."

"ಮತ್ತೆ ಸ್ಕ್ರೂಡ್ರೈವರು?"

"ದಪ್ಪ ಸದ್ದು ಎಲುಬಿಗೆ ಗುಂಯ್ ಅಂತ ತಾಗತ್ತಲ್ಲ, ಅದನ್ನೇ ಕೇಳಿಸ್ತು ಅನ್ಕೋತಾರೆ. ಸಣ್ಣ ಸದ್ದು ಯಾವ್ದೂ ಇಲ್ಲ ಅವ್ರಿಗೆ."

"ಅವರಿಗೆ ಗೊತ್ತಾ?"

"ಕಿವಿ ಹೋಗಿದೆ ಅಂತಾನಾ? ಇಲ್ಲ. ಈಗಿನ ಎಣ್ಣೆ ಚೆನ್ನಾಗಿ ಬರ್ತಿದೆ, ಗಾಡಿಗಳು ಮೆತ್ತಗಾಗಿವೆ ಅಂತಾರೆ. ಜನ ಮೆತ್ತಗೆ ಮಾತಾಡೋದು ಕಲ್ತಿದಾರೆ ಅಂತಾರೆ." ನಗಲಿಕ್ಕೆ ಹೋಗಿ ಬಿಟ್ಟಳು. "ನಾನು ಹೇಳಿಲ್ಲ. ಕಿವಿ ಮೇಸ್ತ್ರಿ ಅಂತ ಕರೀತಾರೆ ಜನ. ಏನಂತ ಹೇಳ್ಲಿ?"

"ನನಗೆ ಹೇಳ್ಬಹುದಿತ್ತಲ್ಲ ಅಕ್ಕ."

"ಹೇಳಿದ್ರೆ ನೀನು ಗಾಡಿ ತರ್ತಿದ್ದೆಯಾ?"

ಸಿಟ್ಟು ಬಂತು. "ನೀವೂ ಮೂವತ್ತು ವರ್ಷ ಈ ಶೆಡ್ಡಲ್ಲಿದೀರಿ. ಆ ಸದ್ದು ಏನು ಅಂತ ನಿಮಗೆ ಗೊತ್ತಾಗ್ಲಿಲ್ವಾ? ಕೇಳಿಸ್ಲಿಲ್ವಾ ನಿಮಗೆ?"

"ಕೇಳಿಸ್ತು," ಎಂದಳು ಅಕ್ಕ. "ನಿನಗೂ ಕೇಳಿಸ್ತಲ್ಲ."

ಡ್ರಮ್ಮಿನ ನೀರಿನಲ್ಲಿ ಎಣ್ಣೆಯ ಪದರ ಇತ್ತು. ಆಚೆಯಿಂದ ಮೇಸ್ತ್ರಿ ಕೂಗಿದ: "ಎಲ್ಲಿ ಹೋದ್ರೋ? ಬನ್ನಿ, ಚೈನು ಕಟ್ಟಾಗಿದೆ. ಕಂಪನೀದೇ ತಪ್ಪು, ಮಾಲೇ ಕಳಪೆ."

ಅವನೇ ಸರಿಮಾಡುತ್ತೇನೆಂದ. ಬೇಡ ಎನ್ನುವುದಕ್ಕೆ ನನಗೆ ಬೇರೆ ಯಾರೂ ಇರಲಿಲ್ಲ. ಹೊಸ ಗ್ಯಾರೇಜಿನವನು ಫೋನಿನಲ್ಲೇ, "ಹೇಳಿದ್ನಲ್ಲ," ಎಂದು ಇಟ್ಟುಬಿಟ್ಟಿದ್ದ. ಮೇಸ್ತ್ರಿ ಏಳು ವಾರ ದುಡಿದ. ಅವನ ಕೈಗೆ ಏನೂ ಆಗಿರಲಿಲ್ಲ, ಅದನ್ನು ಹೇಳಲೇಬೇಕು. ಎಂಜಿನ್ ಇಳಿಸಿ, ಬಗ್ಗಿದ ವಾಲ್ವುಗಳನ್ನು ತೆಗೆದು, ಬೇರೆ ಯಾವುದೋ ಗಾಡಿಯ ವಾಲ್ವುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಬರದಂತೆ ಉಜ್ಜಿ ಕೂರಿಸಿದ. ಚೈನಿಗಾಗಿ ನಾನು ಗುಜರಿಯಿಂದ ಗುಜರಿಗೆ ಅಲೆದೆ. ನಾಲ್ಕನೆಯ ಊರಿನ ಗುಜರಿಯಲ್ಲಿ ಇದೇ ಗಾಡಿಯ ಒಂದು ಹೆಣ ಸಿಕ್ಕಿತು. ಬಾಗಿಲಿಲ್ಲ, ಸೀಟಿಲ್ಲ, ಒಳಗೆ ಹುಲ್ಲು ಬೆಳೆದಿತ್ತು, ಎಂಜಿನ್ ಇತ್ತು. ಅದರ ಚೈನು ತಂದೆ. ಮೇಸ್ತ್ರಿ ಗೋಡೆಯ ಮೊಳೆಗೆ ಕಟ್ಟಾದ ಹಳೆಯದನ್ನೂ ಇದನ್ನೂ ಅಕ್ಕಪಕ್ಕ ನೇತುಹಾಕಿದ. ಎರಡೂ ಒಂದೇ ಉದ್ದ. ಅಂದರೆ ಇದೂ ಅಷ್ಟೇ ಸವೆದಿತ್ತು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಬಿಗಿ ಹಿಡಿಯುವ ಜಾಗಕ್ಕೆ ಒಂದು ತಗಡಿನ ಚೂರು ಕೊಟ್ಟರೆ ಸಾಕು ಎಂದ.

ಆ ಏಳು ವಾರ ನಾನು ದಿನಾ ಶೆಡ್ಡಿಗೆ ಹೋಗುತ್ತಿದ್ದೆ. ಮನೆಯಲ್ಲಿ ಕೂತರೆ ಹೆಂಡತಿಯ ಮುಖ ನೋಡಬೇಕು. ಲಾಂಡ್ರಿಯಲ್ಲಿ ಅವಳನ್ನು ವಾರ್ಡಿನ ಬಟ್ಟೆಯಿಂದ ತೆಗೆದು ಅಡುಗೆಮನೆಯ ಬಟ್ಟೆಗೆ ಹಾಕಿದ್ದರು. ಡಾಕ್ಟರ ಕಾರಿಡಾರಿಗೆ ಅವಳು ಮತ್ತೆ ಹೋಗುವಂತಿರಲಿಲ್ಲ. "ಅಲ್ಲೂ ಕರೆ ತೊಳೆಯೋದೇ, ಇಲ್ಲೂ ಕರೆ ತೊಳೆಯೋದೇ," ಎಂದಿದ್ದಳು, ಅಷ್ಟೇ.

ಸ್ಟಾರ್ಟ್ ಮಾಡುವ ದಿನ ಮೇಸ್ತ್ರಿ ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ಹತ್ತು ಗಂಟೆ. ನಾನು ಒಳಗೆ ಕೂತು ಕೀ ತಿರುಗಿಸಿದೆ. ಮೂರನೇ ಸಲಕ್ಕೆ ಹತ್ತಿತು. ಪಂಪು ಗೊರಗೊರ ಎಂದಿತು. ಅತ್ತೆ ಏಳತೊಡಗಿದಳು, ಮುಂದಿನಿಂದ ಮೊದಲು.

ಆಮೇಲೆ ಸದ್ದು. ಬಾಣಲೆಗೆ ಬೋಲ್ಟು ಹಾಕಿ ಹುರಿದ ಹಾಗೆ. ನಿಲ್ಲಲಿಲ್ಲ. ಮೂರು ಸೆಕೆಂಡಾಯಿತು, ಹತ್ತಾಯಿತು, ನಿಲ್ಲಲಿಲ್ಲ. ಎದುರಿನ ಅಂಗಡಿಯವನು ಎದ್ದು ಬಂದು ಬಾಗಿಲಿಗೆ ನಿಂತ.

ಮೇಸ್ತ್ರಿ ಎಂಜಿನ್ ಮೇಲೆ ಬಗ್ಗಿದ್ದ. ಸ್ಕ್ರೂಡ್ರೈವರಿನ ಹಿಡಿ ಕಿವಿಯ ಹತ್ತಿರ, ಕಣ್ಣು ಮುಚ್ಚಿತ್ತು. ಅವನ ಮುಖದಲ್ಲಿ ನಾನು ಅಷ್ಟು ನೆಮ್ಮದಿ ಯಾವತ್ತೂ ನೋಡಿರಲಿಲ್ಲ.

"ಕೇಳು," ಎಂದ. "ಕೇಳು, ಕೇಳು. ಸೈಲೆಂಟಾಗಿದೆ ಅಲ್ವಾ?"

ಅಕ್ಕ ಬೆಂಚಿನ ಹತ್ತಿರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹೂಂ ಎನ್ನು ಎಂದು ನನಗೆ ತಲೆಯಾಡಿಸಿದಳು. ನಾನು ಹೂಂ ಎಂದಿದ್ದರೆ ಆ ದಿನ ಹಾಗೇ ಮುಗಿಯುತ್ತಿತ್ತು. ಗಾಡಿ ಗೇಟು ದಾಟಿ ಸ್ವಲ್ಪ ದೂರ ಹೋಗುತ್ತಿತ್ತು, ಎಲ್ಲೋ ನಿಲ್ಲುತ್ತಿತ್ತು, ಇನ್ನೊಂದು ನೆವ ಸಿಗುತ್ತಿತ್ತು. ನಾನು ಒಮ್ಮೆ ಹೂಂ ಎಂದಾಗಿತ್ತು. ಕೀ ಆಫ್ ಮಾಡಿದೆ.

ಎಲುಬಿಗೆ ಗುಂಯ್ ಎನ್ನುವುದು ನಿಂತದ್ದು ಅವನಿಗೆ ತಿಳಿಯಿತು. ಕಣ್ಣು ಬಿಟ್ಟ. "ಯಾಕೋ?"

ಇಳಿದು ಅವನ ಎದುರಿಗೆ ನಿಂತೆ. ತುಟಿ ಕಾಣುವಂತೆ ನಿಧಾನಕ್ಕೆ ಹೇಳಿದೆ. "ಸದ್ದು ಬರ್ತಿದೆ ಅಣ್ಣ."

"ಯಾವ ಸದ್ದು?"

"ಚೈನಿಂದು. ಮುಂಚೆ ಬರ್ತಿದ್ದದ್ದೇ. ಈಗ ಜಾಸ್ತಿ. ಎದುರಂಗಡಿಯವರೂ ಎದ್ದು ಬಂದಿದಾರೆ."

ಅವನು ಅಂಗಡಿಯವನನ್ನು ನೋಡಿದ. ಆಮೇಲೆ ಅಕ್ಕನನ್ನು ನೋಡಿದ. ಯಾರು ಏನೆಂದರೂ ಅವಳು ಇನ್ನೊಮ್ಮೆ ಹೇಳುತ್ತಿದ್ದಳಲ್ಲ, ಅದಕ್ಕಾಗಿ. ಈ ಸಲ ಅಕ್ಕ ಬೆಂಚಿನ ಕಡೆ ತಿರುಗಿ ನಟ್ಟಿನ ಡಬ್ಬಿಗಳ ಮುಚ್ಚಳ ಹಾಕತೊಡಗಿದಳು, ಒಂದೊಂದಾಗಿ.

"ನೀನೂ ಕೇಳಿದೆಯಾ?" ಎಂದ ಅವಳ ಬೆನ್ನಿಗೆ.

ಅವಳು ಹೌದೆಂದು ತಲೆಯಾಡಿಸಿದಳು.

"ಮೊದಲಿಂದಾನಾ?"

ಅದಕ್ಕೂ ಆಡಿಸಿದಳು. ಮೇಸ್ತ್ರಿ ಸ್ಕ್ರೂಡ್ರೈವರನ್ನು ಒರೆಸಿದ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ಬೆಂಚಿನ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿ, ಊಟದ ಹೊತ್ತಾಗದಿದ್ದರೂ ಊಟಕ್ಕೆ ಹೋಗುತ್ತೇನೆಂದು ಹೊರಟ. ಗೇಟಿನ ಹತ್ತಿರ ಒಂದು ಸ್ಕೂಟರು ಹಾರ್ನ್ ಹೊಡೆದು ಹೊಡೆದು ಕೊನೆಗೆ ಅವನನ್ನು ಬಳಸಿಕೊಂಡು ಹೋಯಿತು.

ಎರಡು ದಿನದ ನಂತರ ಗುಜರಿಯವನನ್ನು ಕರೆಸಿ, ಶೆಡ್ಡಿನ ಬಾಗಿಲು ಹಾಕಿದ್ದಾಗ ಅಕ್ಕನ ಹತ್ತಿರ ಬೀಗದ ಕೈ ಇಸಿದುಕೊಂಡು, ಗಾಡಿಯನ್ನು ಎತ್ತಿಸಿದೆ. ಮೇಸ್ತ್ರಿ ಆಗಿನಿಂದ ಶೆಡ್ಡಿಗೆ ಬಂದಿರಲಿಲ್ಲ. ಅತ್ತೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದ್ದಳು. ಕ್ರೇನಿನವನು ಕೆಳಗೆ ಬೆಲ್ಟು ತೂರಿಸಲು ಜಾಗವಿಲ್ಲದೆ ಬೈದುಕೊಂಡ. "ಸ್ಟಾರ್ಟ್ ಮಾಡಿದ್ರೆ ಏಳತ್ತಾ ಇದು?" ಎಂದ. ಏಳಲ್ಲ ಎಂದೆ. ಜಾಕು ಕೊಟ್ಟು ಎತ್ತಿದರು. ಮರುದಿನ ಗುಜರಿಯ ಅಂಗಳದಲ್ಲಿ ಅದನ್ನು ಕೊಯ್ದರು. ನಾನು ಹೋಗಲಿಲ್ಲ.

ವಾರದ ಮೇಲೆ, ಕಾಗದದ ಗೋಡೌನಿನಲ್ಲಿ ಮೂಟೆ ಸಾಗಿಸುವ ಕೆಲಸ ಕೇಳಿಕೊಂಡು ಸಾಲಿನಲ್ಲಿ ನಿಂತಿದ್ದಾಗ, ಫೋನು ಬಂತು. ಅಕ್ಕನ ನಂಬರು. ಎತ್ತಿದರೆ ಮೇಸ್ತ್ರಿ. ಎರಡು ವರ್ಷದಲ್ಲಿ ಮೊದಲ ಸಲ ಅವನೇ ಫೋನ್ ಮಾಡಿದ್ದ. ಅಕ್ಕ ಹತ್ತಿರದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಗಾಳಿಯಲ್ಲಿ ಕೂಗುವವನಂತೆ ಕೂಗುತ್ತಿದ್ದ.

"ಕೇಳಿಸ್ತು ಕಣೋ! ನೀನು ಹೇಳಿದ ಸದ್ದು ನಂಗೂ ಕೇಳಿಸ್ತು! ಕಟಕಟ ಅಂತ. ಮಲಗಿದ್ರೂ ಕೇಳಿಸ್ತಿದೆ, ಕೂತ್ರೂ ಕೇಳಿಸ್ತಿದೆ. ನೀನು ಹೇಳಿದ್ದು ಸರಿ. ಚೈನೇ ಅದು. ಎಲ್ಲಿ ತಪ್ಪಿದೆ ಅಂತ ಗೊತ್ತಾಯ್ತು ನಂಗೆ. ನಾಲ್ಕು ದಿನ ಕೊಡು ಸಾಕು."

"ಅಣ್ಣ, ಗಾಡಿ ಇಲ್ಲ," ಎಂದೆ. "ಗುಜರಿಗೆ ಹಾಕ್ದೆ. ಕೊಯ್ದಾಯ್ತು."

"ಹಾಂ?"

"ಗಾಡಿ ಇಲ್ಲ ಅಣ್ಣ! ಕೊಯ್ದುಬಿಟ್ರು!"

ಗೋಡೌನಿನ ಮ್ಯಾನೇಜರ್ ತಲೆಯೆತ್ತಿ ನೋಡಿದ.

"ಹಾಂ, ಹಾಂ. ಸರಿ ಸರಿ," ಎಂದ ಮೇಸ್ತ್ರಿ. ದನಿಯಲ್ಲಿ ಖುಷಿಯಿತ್ತು. "ಹಾಗಾದ್ರೆ ನಾಳೆ ಬೆಳಿಗ್ಗೆ ತಂದುಬಿಡು. ತಣ್ಣಗಿರುವಾಗ್ಲೇ ತಾ. ಅತ್ತೇನ ಎಬ್ಬಿಸಿ ನಿಧಾನಕ್ಕೆ ಕರ್ಕೊಂಡು ಬಾ."

"ತರ್ತೀನಿ," ಎಂದೆ. ಅದೂ ಅವನಿಗೆ ಕೇಳಿಸಿರಲಾರದು. ಮ್ಯಾನೇಜರ್ ಮುಂದಿನವನನ್ನು ಕರೆದ.